ಗಡಿನಾಡಿನ ಎರಡು ನುಡಿಗಳು

1956ರ ನವೆಂಬರ್ 1ರವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಗೂ, ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೂ ಸೇರಿದ್ದುವು. ರಾಜ್ಯಗಳ ಪುನರ್ವಿಂಗಡಣೆಯಾದಾಗ, ಜಹೀರಾಬಾದಿನ ನಿರ್ಣಾ ವೃತ್ತವೊಂದನ್ನುಳಿದು, ಇವು ಆಂಧ್ರಪ್ರದೇಶಕ್ಕೆ ಸಂದುವು, 2014ರಿಂದ ತೆಲಂಗಾಣದಲ್ಲಿವೆ. ಎಲ್ಲೆ ಸರಿಯಿತು, ಮನೆಗಳು ಇದ್ದಲ್ಲಿಯೇ ಇದ್ದುವು. ತಾಂಡೂರಿನ ಬದಿಯ ಪೆದ್ದೆಮುಲ್ ಮೊದಲಾದೆಡೆಗಳಲ್ಲಿ ಕನ್ನಡದ ಮನೆಯ ಮಗು ತಾಯಿಯೊಡನೆ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಆಡುತ್ತ ಬೆಳೆಯುತ್ತದೆ. ಈ ಮಗು ಯಾವ ನುಡಿಯದು? ಉಪಾಧ್ಯಾಯರಾದ ನಾವು ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗಿದೆ.

ಪ್ರಶ್ನೆಯು ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪನ ತಮ್ಮನಾದ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ತೆಲುಗಿನಲ್ಲಿ ಕಂದಪದ್ಯವಿದ್ದ ಮಾತ್ರಕ್ಕೆ ಆ ಮನೆತನದ ಕನ್ನಡವು ಕುಗ್ಗಲಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣವನ್ನು 1369ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದನು. ಬಸವಣ್ಣನ ಚರಿತೆಯು ಹೀಗೆ ತೆಲುಗಿನ ಮನೆಯಿಂದ ತವರಿಗೆ ಮರಳಿತು.

ಒಮ್ಮೆ ನಮ್ಮ ತರಗತಿಯ ಬಾಲಕನೊಬ್ಬನು 'ಅಕ್ಕ ಬಂತು' ಎಂದು ಬರೆದನು. ಅಕ್ಕನಿಗೆ ಅಗೌರವವೆಂದು ನಾವು ಗದರಿದೆವು. ತರುವಾಯ ಯೋಚಿಸಲು, ದುಡುಕಿದವರು ನಾವೆಂದು ತಿಳಿಯಿತು. ತೆಲುಗಿನ ಏಕವಚನದಲ್ಲಿ ಅಕ್ಕ ಬಂದರೂ ಬಂಡಿ ಬಂದರೂ 'ವಚ್ಚಿಂದಿ' ಎಂಬ ಒಂದೇ ರೂಪ. ಬಾಲಕನು ಆ ಕಟ್ಟನ್ನು ಕನ್ನಡಕ್ಕೆ ತಂದಿದ್ದನಲ್ಲದೆ ಅಕ್ಕನನ್ನು ಹೀಗಳೆದಿರಲಿಲ್ಲ. ಎರಡು ನುಡಿಗಳ ವಾಕ್ಯಗಳನ್ನೂ ಕರಿಹಲಗೆಯ ಮೇಲೆ ಒತ್ತಟ್ಟಿಗೆ ಬರೆದು ತೋರಿಸಿದೊಡನೆ ಅವನೇ ತಿದ್ದಿಕೊಂಡನು.

ತೆಲುಗಿನಿಂದ ನಾವು ಕಲಿಯತಕ್ಕುದೂ ಉಂಟು. ಕೇಳುವವನನ್ನು ಕೂಡಿಸಿಕೊಂಡು ಹೇಳುವಾಗ ಅವರು 'ಮನಂ' ಎನ್ನುವರು. ಅವನನ್ನು ಬಿಟ್ಟು ಹೇಳುವಾಗ 'ಮೇಂ' ಎನ್ನುವರು. ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ. ಎರಡು ನುಡಿಗಳನ್ನು ಬಲ್ಲ ಮಗು ಎದುರಿನವನನ್ನು ತನ್ನೊಡನೆ ಸೇರಿಸಬೇಕೋ ಬಿಡಬೇಕೋ ಎಂಬುದನ್ನು ದಿನವೂ ಗಮನಿಸುತ್ತದೆ. ಇದು ಗಡಿಯಲ್ಲಿ ಬಾಳುವವರಿಗೆ ಬೇಕಾದ ಗುಣವೇ ಸರಿ.

ಆದರೆ ಅಪಾಯವೂ ಇಲ್ಲದಿಲ್ಲ. ಸಂತೆ, ಕಚೇರಿ, ಉದ್ಯೋಗ ಎಲ್ಲವೂ ಒಂದೇ ನುಡಿಯ ಪಾಲಾದರೆ ಇನ್ನೊಂದು ಅಡಿಗೆಮನೆಯಲ್ಲುಳಿದು ಅಕ್ಷರವಿಲ್ಲದೆ ಸೊರಗುವುದು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಹೇಳುತ್ತದೆ. ಕಾಗದದ ಮೇಲಿನ ಆ ಮಾತಿಗೆ ಜೀವ ಬರುವುದು ತರಗತಿಯಲ್ಲಿಯೇ. ಮಕ್ಕಳ ಕೈಗೆ ಕನ್ನಡದ ಪುಸ್ತಕವನ್ನು ಕೊಡೋಣ. ಅವರ ತೆಲುಗನ್ನು ಗದರದಿರೋಣ.