ಹೊಗೆಸೊಪ್ಪಿನ ಸಂಬಳ, ಅರ್ಧ ಹೊತ್ತಿನ ಪಾದ್ರಿ

ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು. ಹದಿನೆಂಟನೇ ಶತಮಾನದ ವರ್ಜೀನಿಯಾದಲ್ಲಿ ಒಬ್ಬ ಆಂಗ್ಲಿಕನ್ ಪಾದ್ರಿಗೆ ಕಾನೂನು ಗೊತ್ತುಮಾಡಿದ್ದ ಸಂಬಳವಿದು. ನಾಣ್ಯಕ್ಕೆ ಬರವಿದ್ದ ಆ ವಸಾಹತಿನಲ್ಲಿ ತೆರಿಗೆ, ಸಾಲ, ದಂಡ ಎಲ್ಲಕ್ಕೂ ಸೊಪ್ಪಿನದೇ ಲೆಕ್ಕ. ದೇವರ ಸೇವೆಗೂ ಅದೇ. ಸಂಬಳದ ಜೊತೆಗೆ ವಾಸಕ್ಕೊಂದು ಮನೆ, ‘ಗ್ಲೀಬ್’ ಎಂದು ಕರೆಯುತ್ತಿದ್ದ ಉಂಬಳಿ ಜಮೀನು. ಆದರೆ ಸೊಪ್ಪಿನಲ್ಲೂ ಮೇಲು ಕೀಳಿತ್ತು. ಸುವಾಸನೆಯ ತಳಿ ಬೆಳೆಯುವ ಊರಿಗೆ ಪಾದ್ರಿಗಳು ಸುಲಭವಾಗಿ ಸಿಗುತ್ತಿದ್ದರು. ಒರಟಾದ ಒರೊನೊಕೊ ತಳಿ ಬೆಳೆಯುವ ಊರಿನವರು ಕಾಯುತ್ತ ಕೂರಬೇಕಾಗುತ್ತಿತ್ತು.

ಆ ಆಂಗ್ಲಿಕನ್ ಸಭೆಯ ವಾರಸುದಾರನೇ ಇಂದಿನ ಅಮೆರಿಕದ ಎಪಿಸ್ಕೋಪಲ್ ಚರ್ಚು. ಅದರ ಸಣ್ಣ ಪ್ಯಾರಿಷ್‌ಗಳು ಈಗ ಹುಡುಕುವುದು ಹೆಚ್ಚಾಗಿ ಪಾರ್ಟ್ ಟೈಮ್ ಪಾದ್ರಿಯನ್ನು. ಭಾನುವಾರದ ಆರಾಧನೆ, ಕಾಯಿಲೆಯವರ ಭೇಟಿ, ಮದುವೆ, ಮಣ್ಣು. ವಾರದಲ್ಲಿ ಎರಡೋ ಮೂರೋ ದಿನದ ಕೆಲಸ, ಅದಕ್ಕೆ ತಕ್ಕ ಸಂಬಳ. ಇಂಥ ಜಾಹೀರಾತನ್ನು ಓದಿದ ಹಳೆಯ ಸದಸ್ಯರಿಗೆ ಒಂದು ಕಾಲ ಮುಗಿಯಿತೆನಿಸುತ್ತದೆ. ಪ್ಯಾರಿಷ್‌ನ ಹಳೆಯ ಕಡತಗಳನ್ನು ತೆರೆದರೆ ಮಾತ್ರ ಬೇರೆಯೇ ಕಥೆ ಸಿಗುತ್ತದೆ: ಒಂದು ಚರ್ಚಿಗೆ ಒಬ್ಬ ಪೂರಾ ಪಾದ್ರಿ ಎಂಬ ಏರ್ಪಾಡು ಆ ನೆಲದಲ್ಲಿ ಬೇರೂರಿದ್ದೇ ತಡವಾಗಿ.

1662ರಲ್ಲಿ ಲಂಡನ್ನಿನಲ್ಲಿ ‘ವರ್ಜೀನಿಯಾಸ್ ಕ್ಯೂರ್’ ಎಂಬ ಕಿರುಹೊತ್ತಿಗೆ ಅಚ್ಚಾಯಿತು. ವಸಾಹತಿನಲ್ಲಿ ಐವತ್ತರಷ್ಟು ಪ್ಯಾರಿಷ್‌ಗಳಿವೆ, ಪಾದ್ರಿ ಇರುವುದು ಅವುಗಳಲ್ಲಿ ಐದನೇ ಒಂದು ಪಾಲಿಗೆ ಮಾತ್ರ ಎಂಬುದು ಅದರ ದೂರು. ನದಿಯ ದಂಡೆಗುಂಟ ಹತ್ತಾರು ಮೈಲಿ ಚಾಚಿಕೊಂಡ ಪ್ಯಾರಿಷ್‌ಗಳಲ್ಲಿ ತೋಟದಿಂದ ತೋಟಕ್ಕೇ ಅರ್ಧ ದಿನದ ದಾರಿ. ಹಾಗಾಗಿ ಓದು ಬಲ್ಲ ಗೃಹಸ್ಥನೊಬ್ಬನನ್ನು ‘ರೀಡರ್’ ಎಂದು ನೇಮಿಸುತ್ತಿದ್ದರು. ಪ್ರಾರ್ಥನಾ ಪುಸ್ತಕದಿಂದ ಬೆಳಗಿನ ಪ್ರಾರ್ಥನೆ ನಡೆಸುವುದು, ಅಚ್ಚಾದ ಪ್ರಸಂಗವೊಂದನ್ನು ಓದುವುದು ಅವನ ಕೆಲಸ. ಪ್ರಭು ಭೋಜನ ನಡೆಸುವ ಅಧಿಕಾರ ಅವನಿಗಿರಲಿಲ್ಲ. ರೊಟ್ಟಿ, ದ್ರಾಕ್ಷಾರಸ ವರ್ಷದಲ್ಲಿ ಕೆಲವೇ ಸಲ, ಪಾದ್ರಿ ಬಂದ ದಿನ.

ಪಾದ್ರಿಗಳ ಕೊರತೆಗೆ ಒಂದು ಕಾರಣ ಸಮುದ್ರದ ಆಚೆಗಿತ್ತು. ‘ಎಪಿಸ್ಕೋಪಲ್’ ಎಂಬ ಹೆಸರಿನ ಮೂಲವಾದ ಗ್ರೀಕ್ ಪದಕ್ಕೆ ಮೇಲ್ವಿಚಾರಕ, ಅಂದರೆ ಬಿಷಪ್, ಎಂದು ಅರ್ಥ. ಬಿಷಪ್ ತಲೆಯ ಮೇಲೆ ಕೈಯಿಡದೆ ಯಾರೂ ಪಾದ್ರಿಯಾಗುವಂತಿಲ್ಲ. ಇಡೀ ಅಮೆರಿಕನ್ ವಸಾಹತಿನಲ್ಲಿ ಒಬ್ಬ ಆಂಗ್ಲಿಕನ್ ಬಿಷಪ್ಪೂ ಇರಲಿಲ್ಲ. ದೀಕ್ಷೆ ಬೇಕೆಂದರೆ ಹಡಗು ಹತ್ತಿ ಇಂಗ್ಲೆಂಡಿಗೇ ಹೋಗಬೇಕು. ನ್ಯೂಯಾರ್ಕಿನ ಕಿಂಗ್ಸ್ ಕಾಲೇಜಿನ ಮೊದಲ ಅಧ್ಯಕ್ಷರಾದ ಸ್ಯಾಮ್ಯುಯೆಲ್ ಜಾನ್ಸನ್ ಅವರ ಮಗ ವಿಲಿಯಂ ಹಾಗೆ ಹೋದವರು. 1756ರಲ್ಲಿ ಲಂಡನ್ನಿನಲ್ಲಿ ದೀಕ್ಷೆ ಪಡೆದರು. ಊರಿಗೆ ಮರಳುವ ಮೊದಲೇ ಅಲ್ಲಿಯೇ ಸಿಡುಬಿಗೆ ಬಲಿಯಾದರು.

ಸಿಕ್ಕ ಪಾದ್ರಿಗಳಿಗೂ ಕೆಲಸ ಗಟ್ಟಿಯಿರಲಿಲ್ಲ. ನೇಮಕದ ಹಗ್ಗ ‘ವೆಸ್ಟ್ರಿ’ಯ ಕೈಯಲ್ಲಿತ್ತು. ವೆಸ್ಟ್ರಿ ಎಂದರೆ ಮೂಲದಲ್ಲಿ ಪಾದ್ರಿಯ ನಿಲುವಂಗಿಗಳನ್ನಿಡುವ ಕೋಣೆ. ಅಲ್ಲಿ ಸಭೆ ಸೇರುತ್ತಿದ್ದ ಊರ ಹಿರಿಯರ ಮಂಡಳಿಗೂ ಅದೇ ಹೆಸರು ಅಂಟಿತು. ವರ್ಜೀನಿಯಾದಲ್ಲಿ ಹನ್ನೆರಡು ಮಂದಿಯ ಮಂಡಳಿ, ಬಹುಪಾಲು ತೋಟದ ಧಣಿಗಳು. ಒಬ್ಬ ಸತ್ತರೆ ಉಳಿದವರೇ ಇನ್ನೊಬ್ಬನನ್ನು ಆರಿಸಿಕೊಳ್ಳುತ್ತಿದ್ದರು. ಟ್ರೂರೋ ಪ್ಯಾರಿಷ್‌ನ ವೆಸ್ಟ್ರಿಗೆ 1762ರಲ್ಲಿ ಸೇರಿದವರಲ್ಲಿ ಜಾರ್ಜ್ ವಾಷಿಂಗ್ಟನ್ ಕೂಡ ಒಬ್ಬರು. ವಿಧಿವತ್ತಾಗಿ ಗವರ್ನರ್ ಮುಂದೆ ಹೆಸರಿಟ್ಟು ಪಟ್ಟ ಕಟ್ಟಿಸಿದರೆ ಪಾದ್ರಿಯನ್ನು ಜೀವಮಾನವಿಡೀ ಕದಲಿಸುವಂತಿರಲಿಲ್ಲ. ಅದಕ್ಕೇ ಎಷ್ಟೋ ವೆಸ್ಟ್ರಿಗಳು ಹೆಸರು ಕಳಿಸುವ ಗೋಜಿಗೇ ಹೋಗದೆ ವರ್ಷದಿಂದ ವರ್ಷಕ್ಕೆ ಒಪ್ಪಂದ ಮುಂದುವರಿಸುತ್ತಿದ್ದವು. ಇಂದಿನ ಭಾಷೆಯಲ್ಲಿ ಗುತ್ತಿಗೆ ನೌಕರಿ.

ಸಂಬಳದ ಜಗಳವೊಂದು ಇತಿಹಾಸದ ಪುಸ್ತಕಗಳಿಗೇ ಏರಿತು. 1758ರಲ್ಲಿ ಬೆಳೆ ಕೈಕೊಟ್ಟು ಹೊಗೆಸೊಪ್ಪಿನ ಬೆಲೆ ಪೌಂಡಿಗೆ ಆರು ಪೆನ್ನಿಯ ಆಸುಪಾಸಿಗೆ ನೆಗೆಯಿತು. ಪಾದ್ರಿಗಳಿಗೆ ಸುಗ್ಗಿಯಾಗಬೇಕಿತ್ತು. ಆದರೆ ಸೊಪ್ಪಿನ ಬದಲು ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟು ಕೈತೊಳೆದುಕೊಳ್ಳಬಹುದೆಂದು ವಸಾಹತಿನ ಶಾಸನಸಭೆ ಕಾನೂನು ಮಾಡಿತು. ರಾಜ ಅದನ್ನು ರದ್ದು ಮಾಡಿದ ಮೇಲೆ ಜೇಮ್ಸ್ ಮೌರಿ ಎಂಬ ಪಾದ್ರಿ ಬಾಕಿಗಾಗಿ ದಾವೆ ಹೂಡಿದರು. 1763ರ ಡಿಸೆಂಬರಿನಲ್ಲಿ ಹ್ಯಾನೋವರ್ ಕೋರ್ಟಿನಲ್ಲಿ ಅವರ ವಿರುದ್ಧ ವಾದಿಸಿದ್ದು ಪ್ಯಾಟ್ರಿಕ್ ಹೆನ್ರಿ ಎಂಬ ಎಳೆಯ ವಕೀಲ. ಪೀಠದಲ್ಲಿದ್ದವರು ಆತನ ತಂದೆ. ಪ್ರಜೆಗಳಿಗೆ ಒಳಿತಾದ ಕಾನೂನನ್ನು ತಳ್ಳಿಹಾಕುವ ರಾಜ ವಿಧೇಯತೆಯ ಹಕ್ಕನ್ನೇ ಕಳೆದುಕೊಳ್ಳುತ್ತಾನೆಂದು ಹೆನ್ರಿ ಗುಡುಗಿದರು. ಪಂಚರು ಮೌರಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಪೆನ್ನಿ.

ಮೌರಿ ಅವರ ಮನೆಯ ಒಲೆ ಉರಿಯುತ್ತಿದ್ದುದು ಬರೀ ಚರ್ಚಿನ ಸಂಬಳದಿಂದಲ್ಲ. ಅವರು ಮನೆಯಲ್ಲಿ ಹುಡುಗರನ್ನಿಟ್ಟುಕೊಂಡು ಪಾಠ ಹೇಳುತ್ತಿದ್ದರು. ಅಲ್ಲಿ ಲ್ಯಾಟಿನ್, ಗ್ರೀಕ್ ಕಲಿತವರಲ್ಲಿ ಒಬ್ಬ ಥಾಮಸ್ ಜೆಫರ್ಸನ್. ಆಗಿನ ಪಾದ್ರಿಗಳಲ್ಲಿ ಮೇಷ್ಟರ ಕೆಲಸ, ಬೇಸಾಯ, ವೈದ್ಯಕೀಯ ಇವುಗಳಲ್ಲಿ ಒಂದನ್ನಾದರೂ ಹಚ್ಚಿಕೊಂಡವರು ಬೇಕಾದಷ್ಟಿದ್ದರು. ಅಮೆರಿಕದ ಮೊದಲ ಬಿಷಪ್ ಸ್ಯಾಮ್ಯುಯೆಲ್ ಸೀಬರಿ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದವರು. ಪಾದ್ರಿಯಾಗಿದ್ದಾಗ ರೋಗಿಗಳನ್ನೂ ನೋಡುತ್ತಿದ್ದರು, ಶಾಲೆಯನ್ನೂ ನಡೆಸಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ, ರಾಜನಿಷ್ಠೆಯ ಪ್ರಮಾಣ ಅಡ್ಡ ಬಂದು ಇಂಗ್ಲೆಂಡಿನ ಬಿಷಪ್ಪರು ಪದವಿ ಕೊಡಲು ಹಿಂಜರಿದಾಗ ಅವರು ಸ್ಕಾಟ್ಲೆಂಡಿಗೆ ಹೋದರು. 1784ರ ನವೆಂಬರ್ 14ರಂದು ಅಬರ್ಡೀನಿನ ಮನೆಯೊಂದರ ಮಹಡಿಯ ಕೋಣೆಯಲ್ಲಿ ಅವರಿಗೆ ಬಿಷಪ್ ಪದವಿ ದೊರೆಯಿತು. ಹಿಂದಿರುಗಿ ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿ ಸೇಂಟ್ ಜೇಮ್ಸ್ ಚರ್ಚಿನ ಪಾದ್ರಿಯ ಕೆಲಸವನ್ನೂ ಹೊತ್ತರು. ಆ ದೇಶದ ಮೊದಲ ಬಿಷಪ್ಪರೂ ಎರಡು ದೋಣಿಯಲ್ಲಿ ಕಾಲಿಟ್ಟೇ ದಡ ಸೇರಿದವರು.

ಸ್ವಾತಂತ್ರ್ಯದ ಬೆನ್ನಿಗೇ ಸರ್ಕಾರದ ಆಸರೆ ತಪ್ಪಿತು. ವರ್ಜೀನಿಯಾ 1786ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಶಾಸನ ಮಾಡಿತು, 1802ರಲ್ಲಿ ಗ್ಲೀಬ್ ಜಮೀನುಗಳನ್ನೂ ಹಿಂದಕ್ಕೆ ಪಡೆಯಲು ಹೊರಟಿತು. ಮುಂದೆ ಚರ್ಚುಗಳು ಆಸನಗಳನ್ನು ಬಾಡಿಗೆಗೆ ಕೊಟ್ಟು, ಕಾಣಿಕೆ ಕೂಡಿಸಿ, ಶ್ರೀಮಂತರ ದತ್ತಿಯಿಂದ ಮೇಲೆದ್ದವು. ಪಕ್ಕದಲ್ಲೇ ಪಾದ್ರಿಯ ಮನೆ, ಅದರಲ್ಲಿ ಸಂಸಾರಸಮೇತ ಖಾಯಂ ಪಾದ್ರಿ ಎಂಬ ಚಿತ್ರ ಗಟ್ಟಿಯಾದದ್ದು ಈ ಕಾಲದಲ್ಲಿ. ಮ್ಯಾಸಚೂಸೆಟ್ಸ್‌ನ ಬಿಷಪ್ ವಿಲಿಯಂ ಲಾರೆನ್ಸ್ ಅವರ ಓಡಾಟದಿಂದ 1917ರಲ್ಲಿ ಪಿಂಚಣಿ ನಿಧಿಯೂ ಶುರುವಾಯಿತು.

1960ರ ದಶಕದಲ್ಲಿ 34 ಲಕ್ಷ ಮೀರಿದ್ದ ಸದಸ್ಯರ ಸಂಖ್ಯೆ ಆಮೇಲೆ ಅರ್ಧಕ್ಕಿಂತ ಕೆಳಗಿಳಿಯಿತು. ಕಾಣಿಕೆ ಪೆಟ್ಟಿಗೆ ಹಗುರಾಯಿತು. ವಿಚಿತ್ರವೆಂದರೆ, ಅದೇ ಹೊತ್ತಿಗೆ ಪಾದ್ರಿಯ ಅಗತ್ಯ ಹೆಚ್ಚಿತು. 1979ರ ಪ್ರಾರ್ಥನಾ ಪುಸ್ತಕ ಭಾನುವಾರದ ಮುಖ್ಯ ಆರಾಧನೆ ಪ್ರಭು ಭೋಜನವೇ ಎಂದು ಸಾರಿತು. ಹಿಂದೆ ಬೆಳಗಿನ ಪ್ರಾರ್ಥನೆಯಿಂದಲೇ ತೃಪ್ತಿಪಡುತ್ತಿದ್ದ ಮೂವತ್ತು ನಲವತ್ತು ಜನರ ಸಭೆಗೂ ಈಗ ವಾರವಾರ ದೀಕ್ಷೆ ಪಡೆದವರೇ ಬೇಕು. ಪೂರಾ ಸಂಬಳ, ಅದರ ಮೇಲೆ ಪಿಂಚಣಿ ನಿಧಿಗೆ ಕಟ್ಟಬೇಕಾದ ಶೇ. 18, ಆರೋಗ್ಯ ವಿಮೆ, ಸೋರುವ ಹಳೆಯ ಚಾವಣಿ. ಕೂಡಿ ಕಳೆದರೆ ವೆಸ್ಟ್ರಿಯ ಮುಂದೆ ಉಳಿಯುವುದು ಅರ್ಧ ಪಾದ್ರಿ, ಕೆಲವೆಡೆ ಕಾಲು.

ಇದನ್ನು ಮೊದಲೇ ಯೋಚಿಸಿದವರಿದ್ದರು. ಉತ್ತರ ಚೀನಾದಲ್ಲಿ ದುಡಿದಿದ್ದ ಇಂಗ್ಲಿಷ್ ಮಿಷನರಿ ರೋಲಂಡ್ ಆಲನ್, ಬೇರೆ ಕಸುಬಿನಿಂದ ಹೊಟ್ಟೆ ಹೊರೆದುಕೊಳ್ಳುವವರಿಗೂ ಪಾದ್ರಿದೀಕ್ಷೆ ಕೊಡಬೇಕೆಂದು 1930ರಲ್ಲಿ ಪುಸ್ತಕವನ್ನೇ ಬರೆದರು. ಕೊರಿಂಥದಲ್ಲಿ ಗುಡಾರ ಹೊಲಿದು ಬದುಕಿದ ಪೌಲನೇ ಇಂಥ ಪಾದ್ರಿಗಳಿಗೆ ಮಾದರಿ. ಆಲನ್‌ರ ವಿಚಾರ ಚಿಗುರಿದ್ದು ದೂರದೂರದ ಊರುಗಳ ನೆವಾಡದಲ್ಲಿ. 1972ರಿಂದ ಅಲ್ಲಿ ಬಿಷಪ್ ಆಗಿದ್ದ ವೆಸ್ಲಿ ಫ್ರೆನ್ಸ್‌ಡಾರ್ಫ್ ಊರಿನವರಲ್ಲೇ ತಕ್ಕವರನ್ನು ಗುರುತಿಸಿ, ತರಬೇತಿ ಕೊಟ್ಟು, ಅವರವರ ಕೆಲಸ ಬಿಡಿಸದೆ ದೀಕ್ಷೆ ಕೊಟ್ಟರು. 1976ರಲ್ಲಿ ಮಹಿಳೆಯರ ಪಾದ್ರಿದೀಕ್ಷೆಗೆ ಸಭೆ ಒಪ್ಪಿಗೆ ನೀಡಿದ ಮೇಲೆ ಆಯ್ಕೆಯ ಕಣ ಇನ್ನಷ್ಟು ಹಿಗ್ಗಿತು.

ಕರ್ನಾಟಕದ ಸಿ.ಎಸ್.ಐ. ಸಭೆಗಳವರಿಗೆ ಇದೇನೂ ಹೊಸ ಕಥೆಯಲ್ಲ. 1947ರಲ್ಲಿ ಆಂಗ್ಲಿಕನ್ನರೂ ಸೇರಿ ಕಟ್ಟಿದ ಆ ಸಭೆಯ ಹಳ್ಳಿಗಳಲ್ಲಿ ಹಲವು ಚರ್ಚುಗಳಿಗೆ ಒಬ್ಬರೇ ಸಭಾಪಾಲಕರಿರುವುದು, ಅವರಿಲ್ಲದ ಭಾನುವಾರ ಉಪದೇಶಿ ಆರಾಧನೆ ನಡೆಸುವುದು ರೂಢಿಯ ಮಾತು.

ಅಮೆರಿಕದಲ್ಲಿ ಹುಡುಕಾಟ ತಿಂಗಳುಗಟ್ಟಲೆ ನಡೆಯುತ್ತದೆ. ವೆಸ್ಟ್ರಿ ತನ್ನ ಊರಿನ ಪರಿಚಯಪತ್ರ ಬರೆಯುತ್ತದೆ, ಬಿಷಪ್ಪರ ಕಚೇರಿ ಹೆಸರುಗಳನ್ನು ಕಳಿಸುತ್ತದೆ, ಗಂಟೆಗಳ ಲೆಕ್ಕವಿರುವ ಕರಾರುಪತ್ರಕ್ಕೆ ಸಹಿ ಬೀಳುತ್ತದೆ. ಅಲ್ಲಿಯವರೆಗೆ ಕೆಲವು ಭಾನುವಾರ ನಿವೃತ್ತ ಪಾದ್ರಿಯೊಬ್ಬರು ಪಕ್ಕದ ಊರಿನಿಂದ ಕಾರಿನಲ್ಲಿ ಬಂದು ಹೋಗುತ್ತಾರೆ. ಅವರೂ ಸಿಗದ ದಿನ ಊರಿನ ಶಾಲೆಯ ಟೀಚರೋ ಅಂಗಡಿಯವರೋ ಎದ್ದು ಮುಂದೆ ನಿಂತು ಪ್ರಾರ್ಥನಾ ಪುಸ್ತಕ ತೆರೆದು ಬೆಳಗಿನ ಪ್ರಾರ್ಥನೆ ಶುರುಮಾಡುತ್ತಾರೆ, 1662ರ ರೀಡರ್‌ನಂತೆಯೇ.