ವಿಳಾಸ ತಪ್ಪಿದ ಪ್ಯಾಚುಗಳು

ಕೋಡಿನ ತಿದ್ದುಪಡಿಗಳನ್ನು, ಅಂದರೆ ಪ್ಯಾಚುಗಳನ್ನು, ಇಮೇಲ್ ಮೂಲಕ ಕಳಿಸಲೆಂದೇ, ಕೋಡಿನ ಇತಿಹಾಸ ಕಾಪಿಡುವ ಗಿಟ್ ತಂತ್ರಾಂಶದೊಳಗೆ ಒಂದು ಪುಟ್ಟ ಸಲಕರಣೆಯಿದೆ. ಅದರ ಹೆಸರು ಸೆಂಡ್-ಇಮೇಲ್. ಈ ಪತ್ರಗಳು ಯಾರಿಂದ ಬಂದಂತೆ ಕಾಣಬೇಕು ಎಂದು ಅದು ಬಳಕೆದಾರರನ್ನು ಕೇಳುತ್ತಿತ್ತು. ಉತ್ತರವನ್ನೂ ಪಕ್ಕದಲ್ಲೇ ಬರೆದಿಡುತ್ತಿತ್ತು. ಸುಮ್ಮನೆ ಎಂಟರ್ ಒತ್ತಿದರೆ ಮುಗಿಯಿತು. ಆದರೆ ಎಷ್ಟೋ ಮಂದಿ ‘ಹೌದು, ಅದೇ’ ಎನ್ನುವ ಭಾವದಲ್ಲಿ ‘ವೈ’ ಎಂಬ ಒಂದೇ ಅಕ್ಷರ ಒತ್ತಿಬಿಡುತ್ತಿದ್ದರು. ಹೇಳಿದ್ದನ್ನು ಹೇಳಿದಂತೆ ನಂಬುವ ಸಲಕರಣೆ, ವೈ ಎಂಬ ಮಹಾಶಯರ ಪರವಾಗಿ ಪತ್ರ ಸಿದ್ಧಪಡಿಸುತ್ತಿತ್ತು. ಯಾವ ಪತ್ರಕ್ಕೆ ಮಾರುತ್ತರ ಎಂಬ ಇನ್ನೊಂದು ಪ್ರಶ್ನೆಗೆ ‘ಎನ್’ ಎಂದು ಉತ್ತರಿಸಿದವರೂ ಇದ್ದರು. 2012ರಲ್ಲಿ ಗಿಟ್‌ನ ಮುಖ್ಯ ಉಸ್ತುವಾರಿ ಜೂನಿಯೊ ಹಮಾನೊ ಇದಕ್ಕೊಂದು ತಡೆ ಹಾಕಿದರು. ಉತ್ತರ ವಿಳಾಸದಂತೆ ಕಾಣದಿದ್ದರೆ, ಖಂಡಿತ ಇದನ್ನೇ ಬಳಸಬೇಕೇ ಎಂದು ಸಲಕರಣೆ ಮತ್ತೊಮ್ಮೆ ಕೇಳತೊಡಗಿತು. ಬಳಕೆದಾರರ ಹೆಸರು ನಿಜಕ್ಕೂ ವೈ ಎಂದೇ ಇರಬಹುದಾದ ಸಾಧ್ಯತೆಯನ್ನು ಹಮಾನೊ ತಮ್ಮ ಟಿಪ್ಪಣಿಯಲ್ಲಿ ತಳ್ಳಿಹಾಕಲಿಲ್ಲ. ಅಷ್ಟು ಸೌಜನ್ಯ ಆ ಮನುಷ್ಯನಿಗಿದೆ.

ನಗು ಬರಿಸುವ ಪ್ರಸಂಗವೇ ಸರಿ. ಆದರೆ ಪ್ಯಾಚ್ ಕಳಿಸುವ ಕಸುಬಿನಲ್ಲಿ ವಿಳಾಸಕ್ಕಿರುವ ತೂಕ ಬೇರೆ. ಸಾಮಾನ್ಯ ಇಮೇಲಿನಲ್ಲಿ ವಿಳಾಸದ ಕೆಲಸ ಪತ್ರ ತಲುಪಿದಲ್ಲಿಗೆ ಮುಗಿಯುತ್ತದೆ. ಇಲ್ಲಿ ಪತ್ರ ಕಳಿಸಿದವರ ಹೆಸರು, ವಿಳಾಸಗಳೇ ಕೋಡಿನ ಕರ್ತೃತ್ವವಾಗಿ ಯೋಜನೆಯ ಇತಿಹಾಸಕ್ಕೆ ಸೇರುತ್ತವೆ. ಒಮ್ಮೆ ಸೇರಿದ ಮೇಲೆ ಅಳಿಸುವುದು ಸುಲಭವಲ್ಲ.

ಕಸುಬು ಶುರುವಾದದ್ದು ಗಿಟ್‌ಗಿಂತ ಬಹಳ ಹಿಂದೆ. ಎರಡು ಕಡತಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಹೆಕ್ಕಿ ತೋರಿಸುವ ‘ಡಿಫ್’ ಎಂಬ ಪ್ರೋಗ್ರಾಂ ಬೆಲ್ ಲ್ಯಾಬ್ಸ್‌ನಲ್ಲಿ ಡಗ್ಲಸ್ ಮ್ಯಾಕ್‌ಇಲ್ರಾಯ್ ಅವರ ಕೈಯಲ್ಲಿ ರೂಪುಗೊಂಡು, 1974ರ ಯೂನಿಕ್ಸ್ ಐದನೇ ಆವೃತ್ತಿಯೊಂದಿಗೆ ಹೊರಬಂತು. ಆ ವ್ಯತ್ಯಾಸದ ಪಟ್ಟಿಯನ್ನು ಓದಿ ಹಳೆಯ ಕಡತವನ್ನು ತಾನಾಗಿಯೇ ತಿದ್ದುವ ‘ಪ್ಯಾಚ್’ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಜಗತ್ತಿಗೆ ಕೊಟ್ಟರು. ಇದರ ಸೊಗಸೆಂದರೆ ಅದರ ಔದಾರ್ಯ. ಸಾಲುಗಳು ಹತ್ತಿಪ್ಪತ್ತು ಮೇಲೆ ಕೆಳಗೆ ಸರಿದಿದ್ದರೂ ಅಕ್ಕಪಕ್ಕದ ಸಾಲುಗಳ ಗುರುತು ಹಿಡಿದು ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ. ಇಡೀ ಪ್ರೋಗ್ರಾಮನ್ನು ಟೇಪಿನಲ್ಲಿ ತುಂಬಿ ಅಂಚೆಗೆ ಹಾಕುವ ಬದಲು ಹತ್ತು ಸಾಲಿನ ಪತ್ರವೊಂದು ಸಾಕಾಯಿತು.

ಪ್ಯಾಚಿಗಿದ್ದ ಈ ಔದಾರ್ಯ ವಿಳಾಸಕ್ಕೆ ಇರಲಿಲ್ಲ.

ರೇ ಟಾಮ್ಲಿನ್ಸನ್ 1971ರಲ್ಲೇ ಬಳಕೆದಾರರ ಹೆಸರಿಗೂ ಕಂಪ್ಯೂಟರಿನ ಹೆಸರಿಗೂ ನಡುವೆ @ ಚಿಹ್ನೆ ಇಟ್ಟಿದ್ದರು. ಆದರೆ ಅದು ಅರ್ಪಾನೆಟ್ ಎಂಬ ಸಣ್ಣ ಕೂಟದ ಸೌಲಭ್ಯ. ಲ್ಯಾರಿ ವಾಲ್ ಕಾಲದ ಬಹುತೇಕ ಯೂನಿಕ್ಸ್ ಯಂತ್ರಗಳು ರಾತ್ರಿಯ ಅಗ್ಗದ ದರದಲ್ಲಿ ಒಂದಕ್ಕೊಂದು ಫೋನ್ ಮಾಡಿ ಪತ್ರ ದಾಟಿಸುತ್ತಿದ್ದ ಯುಯುಸಿಪಿ ಜಾಲದಲ್ಲಿದ್ದವು. ಅಲ್ಲಿ ವಿಳಾಸವೆಂದರೆ ಊರಿನ ಹೆಸರಲ್ಲ, ದಾರಿಯ ವಿವರ. ಮೊದಲು ಡೆಕ್‌ವ್ಯಾಕ್ಸ್, ಅಲ್ಲಿಂದ ಯುಸಿಬಿವ್ಯಾಕ್ಸ್, ಅಲ್ಲಿಂದ ಇಂಥವರು ಎಂದು ಯಂತ್ರಗಳ ಹೆಸರನ್ನು ಆಶ್ಚರ್ಯಸೂಚಕ ಚಿಹ್ನೆಗಳಿಂದ ಪೋಣಿಸಿ, ಕಳಿಸುವವರೇ ಪೂರ್ತಿ ಮಾರ್ಗ ಬರೆಯಬೇಕು. ಒಂದೇ ವ್ಯಕ್ತಿಗೆ ಬೇರೆ ಬೇರೆ ಊರಿನಿಂದ ಬೇರೆ ಬೇರೆ ವಿಳಾಸ. ನಡುವಿನ ಒಂದು ಯಂತ್ರ ಕೆಟ್ಟರೂ ಪತ್ರ ಅಲ್ಲೇ. ಆಶ್ಚರ್ಯಸೂಚಕವೂ @ ಚಿಹ್ನೆಯೂ ಒಂದೇ ವಿಳಾಸದಲ್ಲಿ ಬೆರೆತರೆ ಯಾವುದನ್ನು ಮೊದಲು ಓದಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ಇರಲಿಲ್ಲ. ಒಂದು ಯಂತ್ರ ಎಡದಿಂದ ಓದುತ್ತಿತ್ತು, ಇನ್ನೊಂದು ಬಲದಿಂದ. ದಾರಿ ಹುಡುಕಿಕೊಡಲೆಂದೇ ಪೀಟರ್ ಹನಿಮನ್ ಮತ್ತು ಸ್ಟೀವ್ ಬೆಲ್ಲೊವಿನ್ ‘ಪಾಥ್‌ಏಲಿಯಾಸ್’ ಎಂಬ ಪ್ರೋಗ್ರಾಂ ಬರೆದರು. 1986ರಲ್ಲಿ ಆರಂಭವಾದ ಭಾರತದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅಲ್ಲೂ ಮೊದಲ ಇಮೇಲುಗಳು ಓಡಾಡಿದ್ದು ಇದೇ ಯುಯುಸಿಪಿ ವಿಧಾನದಲ್ಲಿ.

1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೇನ್ ಹೆಸರಿನ ವ್ಯವಸ್ಥೆ ನಿಧಾನವಾಗಿ ಈ ಗೋಳನ್ನು ಮುಗಿಸಿತು. ದಾರಿ ಹುಡುಕುವ ಹೊಣೆ ಮನುಷ್ಯರಿಂದ ಯಂತ್ರಗಳಿಗೆ ದಾಟಿತು. ಉಳಿದದ್ದು ಬರವಣಿಗೆಯ ನಿಯಮಗಳು, ಮತ್ತು ಅವುಗಳ ಉಪಟಳ.

1982ರಲ್ಲಿ ಡೇವಿಡ್ ಕ್ರಾಕರ್ ಸಿದ್ಧಪಡಿಸಿದ ಆರ್‌ಎಫ್‌ಸಿ 822 ಎಂಬ ದಾಖಲೆ ಇಮೇಲ್ ಶಿರೋಭಾಗದ ವ್ಯಾಕರಣವನ್ನು ಗೊತ್ತುಮಾಡಿತು. ಅಲ್ಪವಿರಾಮ ಬಂದರೆ ಒಂದು ವಿಳಾಸ ಮುಗಿದು ಇನ್ನೊಂದು ಶುರು. ದುಂಡಾವರಣದೊಳಗೆ ಇರುವುದು ಬರೀ ಟಿಪ್ಪಣಿ. ವಿಳಾಸದ ಮುಂದಿರುವ ಹೆಸರಿನಲ್ಲಿ ಚುಕ್ಕೆ ಬಂದರೆ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಈ ಕೊನೆಯ ನಿಯಮ ನಮ್ಮವರಿಗೆ ನೇರವಾಗಿ ತಟ್ಟುವಂಥದ್ದು. ಇನಿಷಿಯಲ್ ಇಲ್ಲದ ಹೆಸರು ಕರ್ನಾಟಕದಲ್ಲಿ ಎಷ್ಟು ಸಿಗುತ್ತದೆ? ಡಿ. ವಿ. ಗುಂಡಪ್ಪ, ಕೆ. ಎಸ್. ನರಸಿಂಹಸ್ವಾಮಿ, ಜಿ. ಪಿ. ರಾಜರತ್ನಂ ಇವರಲ್ಲಿ ಯಾರಾದರೂ ತಮ್ಮ ಹೆಸರನ್ನು ಇದ್ದ ಹಾಗೆಯೇ ಬರೆದು ಪ್ಯಾಚ್ ಕಳಿಸಿದ್ದರೆ, 1982ರ ವ್ಯಾಕರಣದ ಪ್ರಕಾರ ಅದು ಅಶುದ್ಧ ಪ್ರಯೋಗ! ನಡುವೆ ಒಂದಕ್ಷರ ಇಟ್ಟುಕೊಳ್ಳುವ ಅಮೆರಿಕನ್ನರಿಗೂ ಇದೇ ಪಾಡು. 2001ರಲ್ಲಿ ಬಂದ ಪರಿಷ್ಕೃತ ದಾಖಲೆ ಆರ್‌ಎಫ್‌ಸಿ 2822 ರಾಜಿಯ ದಾರಿ ಹಿಡಿಯಿತು: ಚುಕ್ಕೆಯಿರುವ ಬರಿಯ ಹೆಸರು ಬಂದರೆ ಸ್ವೀಕರಿಸಿ, ನೀವಾಗಿ ಸೃಷ್ಟಿಸಬೇಡಿ. ಗಿಟ್‌ನ ಸೆಂಡ್-ಇಮೇಲ್ ಇಂದಿಗೂ ಹೆಸರಿನಲ್ಲಿ ಚುಕ್ಕೆ ಕಂಡರೆ ತಾನೇ ಉದ್ಧರಣ ಚಿಹ್ನೆ ಹಾಕುತ್ತದೆ. ದೊಡ್ಡ ಕಂಪನಿಗಳ ವಿಳಾಸಪಟ್ಟಿಯಲ್ಲಿ ಕುಲನಾಮ ಮೊದಲು, ಅಲ್ಪವಿರಾಮ, ಆಮೇಲೆ ಹೆಸರು ಎಂಬ ಕ್ರಮವಿರುತ್ತದೆಯಲ್ಲ, ಅದು ಇನ್ನೂ ಅಪಾಯಕಾರಿ. ಅದನ್ನು ಹಾಗೆಯೇ ನಕಲಿಸಿ ಅಂಟಿಸಿದರೆ ಒಬ್ಬ ಮನುಷ್ಯ ಇಬ್ಬರಾಗುತ್ತಾನೆ. ಮೊದಲನೆಯವನಿಗೆ ವಿಳಾಸವೇ ಇರುವುದಿಲ್ಲ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಶುರುಮಾಡಿದಾಗ ಪ್ಯಾಚುಗಳು ಅವರ ಅಂಚೆಪೆಟ್ಟಿಗೆಗೇ ಬಂದು ಬೀಳುತ್ತಿದ್ದವು. ದಶಕ ಮುಗಿಯುವಷ್ಟರಲ್ಲಿ ಒಬ್ಬರಿಂದ ಓದಿ ಮುಗಿಸಲಾಗದಷ್ಟು ಪತ್ರಗಳು. 1998ರಲ್ಲಿ ಇದು ಬಹಿರಂಗ ಜಗಳಕ್ಕೇ ತಿರುಗಿತು. ಕಳಿಸಿದ ಪ್ಯಾಚಿಗೆ ಉತ್ತರ ಬರದಿದ್ದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಓದಿ ಬೇಡವೆಂದರೇ, ಓದಲೇ ಇಲ್ಲವೇ, ಅಥವಾ ಪತ್ರ ತಲುಪಲೇ ಇಲ್ಲವೇ? ಮೌನದಿಂದ ಇದು ತಿಳಿಯುವಂತಿಲ್ಲ. ಮತ್ತೆ ಕಳಿಸು ಎಂಬುದೊಂದೇ ಆಗ ಸಿಗುತ್ತಿದ್ದ ಸಲಹೆ. ವಿಳಾಸವೇ ತಪ್ಪಿದ್ದರೆ ಎಷ್ಟು ಸಲ ಕಳಿಸಿಯೂ ಪ್ರಯೋಜನವಿಲ್ಲ. 550 ಎಂಬ ಸಂಖ್ಯೆ ಹೊತ್ತು ‘ಇಂಥ ಬಳಕೆದಾರ ಇಲ್ಲ’ ಎಂದು ಪತ್ರ ಹಿಂದಿರುಗಿದರೆ ಅದು ಪುಣ್ಯವೇ ಸರಿ. ಕಳಿಸುವವರ ಸ್ವಂತ ಯಂತ್ರದ ಸರದಿಯಲ್ಲೇ ಸದ್ದಿಲ್ಲದೆ ಕೊಳೆಯುವ ಪತ್ರಗಳು ಅದಕ್ಕಿಂತ ಕೆಟ್ಟವು.

2005ರ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ಗಿಟ್ ಬರೆದರು. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ತಮ್ಮ ಅನುಕೂಲಕ್ಕೆಂದು ಬರೆದುಕೊಂಡಿದ್ದ ಪರ್ಲ್ ಭಾಷೆಯ ಸ್ಕ್ರಿಪ್ಟ್ ಒಂದನ್ನು ರಯಾನ್ ಆಂಡರ್ಸನ್ ಅದೇ ವರ್ಷ ಬೆಳೆಸಿದರು, ಅದೇ ಸೆಂಡ್-ಇಮೇಲ್. ಆ ಪರ್ಲ್ ಭಾಷೆಯನ್ನು 1987ರಲ್ಲಿ ರಚಿಸಿದವರು ಪ್ಯಾಚ್ ಪ್ರೋಗ್ರಾಂ ಬರೆದ ಲ್ಯಾರಿ ವಾಲ್ ಅವರೇ. ಯಾವುದಾದರೂ ವಿಳಾಸ ವ್ಯಾಕರಣಕ್ಕೆ ಒಗ್ಗದಿದ್ದರೆ ಸೆಂಡ್-ಇಮೇಲ್ ನಿಲ್ಲುತ್ತದೆ, ಇದರಿಂದ ಸರಿಯಾದ ವಿಳಾಸ ತೆಗೆಯಲಾಗುತ್ತಿಲ್ಲ ಎನ್ನುತ್ತದೆ, ಮೂರು ದಾರಿ ತೋರಿಸುತ್ತದೆ: ಕೆಲಸ ನಿಲ್ಲಿಸು, ಆ ವಿಳಾಸ ಕೈಬಿಡು, ಇಲ್ಲವೇ ತಿದ್ದು. ಅವಸರದವರು ಆರಿಸಿಕೊಳ್ಳುವುದು ಎರಡನೆಯದನ್ನು. ಹಾಗೆ ಕೈಬಿಟ್ಟ ವಿಳಾಸ ಕೆಲವೊಮ್ಮೆ ಪ್ಯಾಚನ್ನು ಓದಲೇಬೇಕಿದ್ದ ಉಸ್ತುವಾರಿಯದೇ ಆಗಿರುತ್ತದೆ.

ತಪ್ಪು ಎಲ್ಲ ಸಲವೂ ಬಳಕೆದಾರರದ್ದಲ್ಲ. ಹಳೆಯ ಕರ್ನಲ್ ಆವೃತ್ತಿಗಳಿಗೂ ಬೇಕಾದ ತಿದ್ದುಪಡಿಯಾದರೆ ಅದರ ಕೆಳಗೆ ಆ ಆವೃತ್ತಿಗಳನ್ನು ನೋಡಿಕೊಳ್ಳುವ ಸ್ಟೇಬಲ್ ತಂಡದ ವಿಳಾಸ ಬರೆದು, ಹ್ಯಾಶ್ ಚಿಹ್ನೆ ಹಾಕಿ, ಯಾವ ಆವೃತ್ತಿಗೆ ಎಂಬ ಟಿಪ್ಪಣಿ ಸೇರಿಸುವುದು ಲಿನಕ್ಸ್ ಮಂದಿಯ ರೂಢಿ. ಆ ಬಾಲವನ್ನು ಕತ್ತರಿಸಿ ಎಸೆಯುವುದನ್ನು ಸೆಂಡ್-ಇಮೇಲ್ ವರ್ಷಗಟ್ಟಲೆ ಸರಿಯಾಗಿಯೇ ಮಾಡುತ್ತಿತ್ತು. ಒಂದೇ ಸಾಲಿನಲ್ಲಿ ಹಲವು ವಿಳಾಸ ಕೊಡುವ ಸೌಲಭ್ಯ ಸೇರಿಸುವಾಗ ಈ ಜಾಣತನ ಕಳೆದುಹೋಯಿತು. ಟಿಪ್ಪಣಿಯೇ ಹೆಸರಾಗಿ ಅಂಟಿಕೊಂಡು, ಕರ್ನಲ್‌ನ ಆವೃತ್ತಿ ಸಂಖ್ಯೆ, ಕಮಿಟ್ (ಇತಿಹಾಸಕ್ಕೆ ಸೇರಿದ ಒಂದೊಂದು ಬದಲಾವಣೆ) ಸಂಖ್ಯೆ, ಶೀರ್ಷಿಕೆಗಳನ್ನೆಲ್ಲ ತನ್ನ ನಾಮಧೇಯವಾಗಿ ಹೊತ್ತ ವಿಚಿತ್ರ ವ್ಯಕ್ತಿಯೊಬ್ಬ ಪ್ರತಿ ಪಡೆಯುವವರ ಪಟ್ಟಿಯಲ್ಲಿ ಕಾಣಿಸಿಕೊಂಡ. 2017ರಲ್ಲಿ ಯೋಹಾನ್ ಹೊವೊಲ್ಡ್ ಇದನ್ನು ಸರಿಪಡಿಸಿದರು. ಪ್ಯಾಚಿನ ಒಡಲಲ್ಲಿ ಬರುವ ಪ್ರತಿ ಸಾಲಿಗೆ ಒಂದೇ ವಿಳಾಸ ಎಂಬ ಹಳೆಯ ಶಿಸ್ತು ಮರಳಿತು.

ಇನ್ನು ಯಾರಿಗೆ ಕಳಿಸಬೇಕೆಂಬ ಪ್ರಶ್ನೆ. ಕರ್ನಲ್‌ನ ಮೂಲ ಕಡತಕೋಶದಲ್ಲೇ ‘ಮೇಂಟೇನರ್ಸ್’ ಎಂಬ ಕಡತವಿದೆ. ಯಾವ ಭಾಗಕ್ಕೆ ಯಾರು ಹೊಣೆ ಎಂಬುದರ ಪಟ್ಟಿ ಅದು. ಮೊದಲೆಲ್ಲ ಹೆಸರು ಒಂದು ಸಾಲಿನಲ್ಲಿ, ವಿಳಾಸ ಇನ್ನೊಂದರಲ್ಲಿ ಇರುತ್ತಿತ್ತು. 2009ರಲ್ಲಿ ಜೋ ಪರ್ಚಸ್ ಅವೆರಡನ್ನೂ ಒಂದೇ ಸಾಲಿಗೆ ತಂದರು, ಪ್ಯಾಚನ್ನು ಓದಿ ಯಾರ‍್ಯಾರಿಗೆ ಕಳಿಸಬೇಕೆಂದು ಹೇಳುವ ‘ಗೆಟ್-ಮೇಂಟೇನರ್’ ಸ್ಕ್ರಿಪ್ಟನ್ನೂ ಬರೆದರು. ಅದು ಹೇಳುವುದನ್ನೆಲ್ಲ ಕಣ್ಣುಮುಚ್ಚಿ ನಂಬುವಂತಿಲ್ಲ. ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ಅದು ಹಳೆಯ ಕಮಿಟ್‌ಗಳನ್ನು ಕೆದಕಿ, ಎಂದೋ ಒಮ್ಮೆ ಆ ಕಡತ ಮುಟ್ಟಿದವರ ವಿಳಾಸ ಕೊಡುತ್ತದೆ. ಅವರು ಕೆಲಸ ಬಿಟ್ಟು ವರ್ಷಗಳಾಗಿರಬಹುದು. ಕಂಪನಿ ಕೊಟ್ಟ ವಿಳಾಸ ಕಂಪನಿಯದೇ. ರಾಜೀನಾಮೆಯ ಮರುದಿನ ಅದು ಸತ್ತಿರುತ್ತದೆ. ಟೊರ್ವಾಲ್ಡ್ಸ್‌ಗೆ ಸಂಬಳ ಕೊಡುತ್ತಿದ್ದ ಓಎಸ್‌ಡಿಎಲ್ ಸಂಸ್ಥೆಯೇ 2007ರಲ್ಲಿ ಲಿನಕ್ಸ್ ಫೌಂಡೇಶನ್‌ನಲ್ಲಿ ಲೀನವಾಯಿತು.

ಆ ಕಾಲದ ಕುರುಹು ಇಂದಿಗೂ ನೋಡಸಿಗುತ್ತದೆ. 2005ರ ಏಪ್ರಿಲ್ 16ರಂದು ಕರ್ನಲ್‌ನ ಗಿಟ್ ಇತಿಹಾಸಕ್ಕೆ ಸೇರಿದ ಮೊದಲ ಕಮಿಟ್‌ನಲ್ಲಿ ಟೊರ್ವಾಲ್ಡ್ಸ್ ಹೆಸರಿನ ಪಕ್ಕದ ಓಎಸ್‌ಡಿಎಲ್ ವಿಳಾಸದಲ್ಲಿ ‘ಪಿಪಿಸಿ970’ ಎಂಬ ತುಣುಕಿದೆ. ಅವರು ಆಗ ಬಳಸುತ್ತಿದ್ದ ಆಪಲ್ ಜಿ5 ಕಂಪ್ಯೂಟರಿನೊಳಗಿನ ಪ್ರೊಸೆಸರಿನ ಹೆಸರದು. ವಿಳಾಸ ಗೊತ್ತುಮಾಡಿ ಹೇಳದಿದ್ದರೆ ಗಿಟ್ ಬಳಕೆದಾರರ ಹೆಸರಿಗೆ ಯಂತ್ರದ ಹೆಸರು ಜೋಡಿಸಿ ತಾನೇ ಒಂದನ್ನು ಊಹಿಸುತ್ತಿತ್ತು. ಯಂತ್ರಕ್ಕೆ ಡೊಮೇನ್ ಇಲ್ಲದಿದ್ದರೆ ಕೊನೆಯಲ್ಲಿ ಆವರಣದೊಳಗೆ ‘ನನ್’ ಎಂದು, ಅಂದರೆ ಏನೂ ಇಲ್ಲವೆಂದು, ಬರೆದುಬಿಡುತ್ತಿತ್ತು. ಈಗಿನ ಗಿಟ್ ಅಂಥ ಸಂದರ್ಭದಲ್ಲಿ ಕಮಿಟ್ ಮಾಡಲು ಒಪ್ಪದೆ ನೀನು ಯಾರೆಂದು ಮೊದಲು ಹೇಳು ಎನ್ನುತ್ತದೆ. ಆದರೆ ಹಳೆಯವನ್ನು ತಿದ್ದುವ ಹಾಗಿಲ್ಲ. ಕರ್ತೃವಿನ ವಿಳಾಸವೂ ಸೇರಿಯೇ ಕಮಿಟ್‌ನ ಗುರುತುಸಂಖ್ಯೆ ಲೆಕ್ಕವಾಗುವುದರಿಂದ, ಒಂದಕ್ಷರ ಬದಲಿಸಿದರೂ ನಂತರದ ಎಲ್ಲ ಕಮಿಟ್‌ಗಳ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಯೋಜನೆಗಳು ‘ಮೇಲ್‌ಮ್ಯಾಪ್’ ಎಂಬ ಕಡತ ಇಟ್ಟುಕೊಳ್ಳುತ್ತವೆ. ಪುಸ್ತಕದ ಕೊನೆಗೆ ಅಂಟಿಸುವ ತಪ್ಪೋಲೆಯಂತೆ ಅದು ಹಳೆಯ ವಿಳಾಸಕ್ಕೆ ಹೊಸದನ್ನು, ತಪ್ಪು ಹೆಸರಿಗೆ ಸರಿಯಾದದ್ದನ್ನು ಜೋಡಿಸಿ ತೋರಿಸುತ್ತದೆ.

2014ರ ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಕಲಿ ಪತ್ರಗಳ ಕಾಟ ತಡೆಯಲು ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ಬಿಗಿಗೊಳಿಸಿತು: ಯಾಹೂ ವಿಳಾಸ ಹೊತ್ತ ಪತ್ರ ಯಾಹೂ ಮೂಲಕವೇ ಬಂದದ್ದೆಂದು ಸಾಬೀತಾಗದಿದ್ದರೆ ತಿರಸ್ಕರಿಸಿ. ಎಓಎಲ್ ಕೂಡ ಅದೇ ತಿಂಗಳು ಹಿಂಬಾಲಿಸಿತು. ಪತ್ರವನ್ನು ಸಾವಿರಾರು ಮಂದಿಗೆ ಮರುಹಂಚುವ ಸರ್ವರುಗಳು ಇಕ್ಕಟ್ಟಿಗೆ ಸಿಕ್ಕಿದವು. ಕೆಲವು, ಕಳಿಸಿದವರ ವಿಳಾಸ ತೆಗೆದು ತಮ್ಮದನ್ನೇ ಹಾಕತೊಡಗಿದವು. ಪತ್ರ ತಲುಪಿತು, ಕರ್ತೃ ಮಾಯ! ಕ್ಯೂಎಮು ಎಂಬ ತಂತ್ರಾಂಶ ಯೋಜನೆಯ ಇತಿಹಾಸದಲ್ಲಿ ಹಂಚಿಕೆಯ ವಿಳಾಸವೇ ಕರ್ತೃವಿನ ವಿಳಾಸವಾಗಿ ದಾಖಲಾದ ಕಮಿಟ್‌ಗಳು ಉಳಿದಿವೆ. ಆ ಯೋಜನೆಯ ಪರೀಕ್ಷಾ ಸ್ಕ್ರಿಪ್ಟ್ ಈಗ ಅಂಥ ಪ್ಯಾಚನ್ನು ಕಂಡಕೂಡಲೇ ತಪ್ಪೆಂದು ಕೂಗುತ್ತದೆ. ಇದಕ್ಕೆ ಮದ್ದು ಗಿಟ್‌ನಲ್ಲೇ ಇತ್ತು: ಪತ್ರದ ಒಡಲಿನ ಮೊದಲ ಸಾಲಿನಲ್ಲಿ ಮತ್ತೊಮ್ಮೆ ಕರ್ತೃವಿನ ಹೆಸರು, ವಿಳಾಸ ಬರೆದರೆ ಗಿಟ್ ಹೊರಗಿನದ್ದನ್ನು ಬಿಟ್ಟು ಅದನ್ನೇ ನಂಬುತ್ತದೆ.

ಕಂಪನಿಗಳ ಅಂಚೆ ವ್ಯವಸ್ಥೆಯ ಬಗ್ಗೆ ಕರ್ನಲ್‌ನ ಸ್ವಂತ ಕೈಪಿಡಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಲೋಟಸ್ ನೋಟ್ಸ್ ಬಳಸುವವರಿಗೆ ಅದು ಕೊಡುವ ಸಲಹೆ, ಅದರಿಂದ ಓಡಿಹೋಗಿ ಎಂಬುದಷ್ಟೇ. ಆ ತಂತ್ರಾಂಶದ ಒಡೆತನವಿದ್ದ ಐಬಿಎಂ, ತನ್ನ ಬೆಂಗಳೂರಿನ ಕಚೇರಿಯಲ್ಲೂ ಲಿನಕ್ಸ್ ಕರ್ನಲ್ ಬರೆಯುವ ಎಂಜಿನಿಯರುಗಳನ್ನು ಇಟ್ಟುಕೊಂಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಎಷ್ಟೋ ಕಚೇರಿಗಳಲ್ಲಿ ನೇರವಾಗಿ ಪ್ಯಾಚ್ ಕಳಿಸಲು ಬೇಕಾದ ಎಸ್‌ಎಂಟಿಪಿ ಸಂಪರ್ಕವೇ ಸಿಗುವುದಿಲ್ಲ. ಅಂಥವರಿಗಾಗಿ ಕಾನ್‌ಸ್ಟಂಟಿನ್ ರ‍್ಯಾಬಿಟ್ಸೆವ್ ತಮ್ಮ ‘ಬಿ4’ ಸಲಕರಣೆಯಲ್ಲಿ 2022ರಲ್ಲಿ ಹೊಸ ದಾರಿ ತೆರೆದರು. ಪ್ಯಾಚು ವೆಬ್ ಮೂಲಕ ಕರ್ನಲ್ ಸಂಸ್ಥೆಯ ಸರ್ವರಿಗೆ ಹೋಗುತ್ತದೆ, ಇಮೇಲ್ ಅಲ್ಲಿಂದ ಹೊರಡುತ್ತದೆ.

ಮೊದಲ ಪ್ಯಾಚ್ ಕಳಿಸಲಿರುವವರು ಸೆಂಡ್-ಇಮೇಲ್‌ನ ‘ಡ್ರೈ-ರನ್’ ಆಯ್ಕೆಯನ್ನು ಒಮ್ಮೆ ಬಳಸಿ ನೋಡಲಿ. ಏನನ್ನೂ ಕಳಿಸದೆ, ಯಾರ‍್ಯಾರಿಗೆ ಹೋಗಲಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಆಮೇಲೆ ಪ್ಯಾಚನ್ನು ತಮಗೆ ತಾವೇ ಕಳಿಸಿಕೊಂಡು, ಬಂದ ಪತ್ರದಿಂದಲೇ ಅದನ್ನು ಅನ್ವಯಿಸಿ ಪರೀಕ್ಷಿಸಲಿ. ಕರ್ನಲ್ ಕೈಪಿಡಿ ಹೇಳುವುದೂ ಇದನ್ನೇ. ಹೆಸರಿನ ಮುಂದೆ ಇನಿಷಿಯಲ್ ಇರುವವರು ಉದ್ಧರಣ ಚಿಹ್ನೆ ಬಿದ್ದಿದೆಯೇ ಎಂದು ಇನ್ನೊಮ್ಮೆ ಕಣ್ಣಾಡಿಸಲಿ.