‘ಪೊಯೆಟ್ರಿ’ ಪತ್ರಿಕೆಯೂ ಅದರ ಎಲೆಮರೆಯ ಕೆಲಸಗಾರರೂ

ಸಾಹಿತ್ಯಪತ್ರಿಕೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದರ ಮುಖಪತ್ರದ ಮೇಲೆ ಅಚ್ಚಾದ ಹೆಸರುಗಳನ್ನೇ ಹಿಡಿದು ನಡೆಯುತ್ತಾರೆ. ಯಾವ ಕವಿಯ ಕವಿತೆ ಯಾವ ಸಂಚಿಕೆಯಲ್ಲಿ ಬಂದಿತು, ಸಂಪಾದಕರು ಯಾರು, ಪತ್ರಿಕೆ ಎಷ್ಟು ವರ್ಷ ಬಾಳಿತು ಎಂಬಿಷ್ಟು ತಿಳಿದರೆ ಚರಿತ್ರೆ ಪೂರ್ಣವಾಯಿತೆಂದು ಎಣಿಸುವುದುಂಟು. ಟಪಾಲಿನಲ್ಲಿ ಬಂದ ಹಸ್ತಪ್ರತಿಗಳ ಕಟ್ಟನ್ನು ಮೊದಲು ಬಿಚ್ಚಿದವರಾರು, ನೂರರಲ್ಲಿ ತೊಂಬತ್ತೈದನ್ನು ಹಿಂದಕ್ಕೆ ಕಳುಹಿಸಿ ಐದನ್ನು ಮೇಜಿನ ಮೇಲೆ ಉಳಿಸಿಕೊಂಡವರಾರು, ಅಚ್ಚುಕೂಟದ ಸಾಲವನ್ನು ತೀರಿಸಿದವರಾರು ಎಂಬುದನ್ನು ಕೇಳುವವರು ವಿರಳ. ಆದರೆ ಕವಿಯ ಲೇಖನಿಗೂ ವಾಚಕನ ಕಣ್ಣಿಗೂ ನಡುವೆ ಇರುವ ಈ ಕೈಗಳು ಎಷ್ಟೋ ವೇಳೆ ಕೃತಿಯ ಪಾಠವನ್ನೇ ನಿರ್ಣಯಿಸಿರುತ್ತವೆ. ಓಲೆಯ ಪ್ರತಿಗಳಲ್ಲಿ ಲಿಪಿಕಾರನ ಕೈವಾಡವನ್ನು ಗುರುತಿಸಲು ಕಲಿತಿರುವ ನಮ್ಮ ವಿದ್ವಾಂಸರಿಗೆ ಇದು ಹೊಸ ಮಾತಲ್ಲ. ಅಚ್ಚಿನ ಯುಗದಲ್ಲಿಯೂ ಆ ಕೈವಾಡವು ನಿಂತಿಲ್ಲವೆಂಬುದಕ್ಕೆ ಷಿಕಾಗೋ ನಗರದ ‘ಪೊಯೆಟ್ರಿ’ ಎಂಬ ಮಾಸಪತ್ರಿಕೆಯ ಮೊದಲ ಹತ್ತು ವರ್ಷಗಳು ಒಳ್ಳೆಯ ನಿದರ್ಶನವಾಗಿವೆ.

ಈ ಪತ್ರಿಕೆ 1912ನೆಯ ಇಸವಿ ಅಕ್ಟೋಬರ್ ತಿಂಗಳಿನಲ್ಲಿ ಪ್ರಾರಂಭವಾಯಿತು. ಸ್ಥಾಪಕರಾದ ಹ್ಯಾರಿಯೆಟ್ ಮನ್ರೋ ಅವರು 1860ರಲ್ಲಿ ಹುಟ್ಟಿದವರು. ಎಂದರೆ ಪತ್ರಿಕೆಯನ್ನು ತೆಗೆಯುವಾಗ ಆಕೆಗೆ ಐವತ್ತು ದಾಟಿತ್ತು. ಕವಿಗೂ ಕೂಲಿಯುಂಟೆಂಬ ನಂಬಿಕೆ ಆಕೆಯಲ್ಲಿ ಬಹು ಹಿಂದಿನಿಂದಲೂ ದೃಢವಾಗಿತ್ತು. ಷಿಕಾಗೋ ನಗರದ ಮಹಾಪ್ರದರ್ಶನದ ಸಂದರ್ಭದಲ್ಲಿ ಆಕೆ ರಚಿಸಿದ ಪ್ರಗಾಥವನ್ನು 1892ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆ ಅನುಮತಿಯಿಲ್ಲದೆ ಅಚ್ಚು ಮಾಡಿದಾಗ, ಆಕೆ ವ್ಯಾಜ್ಯ ಹೂಡಿ ನ್ಯಾಯಾಲಯದಿಂದ 5000 ಡಾಲರುಗಳ ಪರಿಹಾರವನ್ನು ಪಡೆದಿದ್ದರು. ಚಿತ್ರಕ್ಕೂ ಶಿಲ್ಪಕ್ಕೂ ಪೋಷಕರು ದೊರೆಯುವ ಊರಿನಲ್ಲಿ ಕವಿತೆಗೆ ಮಾತ್ರ ಏಕೆ ದೊರೆಯಬಾರದೆಂದು ಆಕೆಯ ತರ್ಕ. ಹೋಬಾರ್ಟ್ ಚಾಟ್‌ಫೀಲ್ಡ್-ಟೇಲರ್ ಎಂಬ ಮಿತ್ರರು ಒಂದು ಉಪಾಯವನ್ನು ಸೂಚಿಸಿದರು: ವರ್ಷಕ್ಕೆ 50 ಡಾಲರಿನಂತೆ ಐದು ವರ್ಷ ಕೊಡುವೆವೆಂದು ಮಾತುಕೊಡುವ ನೂರು ಮಂದಿಯನ್ನು ಕೂಡಿಸುವುದು. ಮನ್ರೋ ಅವರು ವ್ಯಾಪಾರಿಗಳ, ವಕೀಲರ, ಬ್ಯಾಂಕಿನವರ ಕಚೇರಿಗಳ ಮೆಟ್ಟಿಲನ್ನು ತಾವೇ ಹತ್ತಿ ಇಳಿದು ಆ ನೂರು ಮಂದಿಯನ್ನು ಕೂಡಿಸಿದರು. ಹೀಗೆ ವರ್ಷಕ್ಕೆ ಒದಗಿದ ಹಣವೂ ಆ ವ್ಯಾಜ್ಯದಲ್ಲಿ ಬಂದಷ್ಟೇ, 5000 ಡಾಲರು! ಈ ನೂರು ಮಂದಿಯಲ್ಲಿ ಕವಿತೆಯನ್ನು ಓದುತ್ತಿದ್ದವರು ಎಷ್ಟು ಮಂದಿಯೋ! ಆದರೆ ಬರೆದವರಿಗೆಲ್ಲ ಸಂಭಾವನೆ ಕೊಡುವ ಕವಿತಾಪತ್ರಿಕೆಯೊಂದು ಆ ಕಾಲದಲ್ಲಿ ನಿಲ್ಲಲು ಸಾಧ್ಯವಾದುದು ಇವರಿಂದಲೇ.

ಹಣ ಕೂಡಿದ ಮೇಲೆ ಲೇಖಕರನ್ನು ಕೂಡಿಸುವ ಕೆಲಸ. 1912ರ ಬೇಸಗೆಯಲ್ಲಿ ಮನ್ರೋ ಅವರು ನಗರದ ಸಾರ್ವಜನಿಕ ಪುಸ್ತಕಾಲಯದಲ್ಲಿ ಕುಳಿತು ಹಿಂದಿನ ಕೆಲವು ವರ್ಷಗಳ ಇಂಗ್ಲಿಷ್ ಮತ್ತು ಅಮೆರಿಕನ್ ಪತ್ರಿಕೆಗಳನ್ನು ತಿರುವಿಹಾಕಿ, ತಮಗೆ ಹಿಡಿಸಿದ ಕವಿಗಳ ಪಟ್ಟಿಯೊಂದನ್ನು ಮಾಡಿ, ಅವರಿಗೆಲ್ಲ ಕಾಗದ ಬರೆದರು. ಕ್ಯಾಸ್ ಬೀದಿಯ 543ನೆಯ ನಂಬರಿನ ಹಳೆಯ ಮನೆಯೊಂದರಲ್ಲಿ ಕಚೇರಿ ತೆರೆಯಿತು. ಮೊದಲ ಎರಡು ವರ್ಷ ಆಕೆ ಸಂಬಳ ತೆಗೆದುಕೊಳ್ಳಲಿಲ್ಲ. ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಗೆ ಕಲಾವಿಮರ್ಶೆ ಬರೆದು ಜೀವನ ಸಾಗಿಸಿದರು. ಎರಡನ್ನೂ ನಿರ್ವಹಿಸುವುದು ಕಷ್ಟವಾಗಲು 1914ರಲ್ಲಿ ಆ ಉದ್ಯೋಗವನ್ನು ಬಿಟ್ಟು, ಪತ್ರಿಕೆಯಿಂದ ತಿಂಗಳಿಗೆ 50 ಡಾಲರುಗಳನ್ನು ತೆಗೆದುಕೊಳ್ಳಲೊಪ್ಪಿದರು. 1925ರಲ್ಲಿ ಅದು 100 ಡಾಲರಿಗೆ ಏರುವವರೆಗೂ ಹತ್ತು ವರ್ಷಗಳಿಗೆ ಮೇಲ್ಪಟ್ಟು ಅಷ್ಟೇ ವೇತನ.

ಇಲ್ಲಿಯವರೆಗಿನ ಕಥೆ ಪ್ರಸಿದ್ಧವಾದುದೇ. ಇದರ ಮುಂದೆ ಬರುವ ಹೆಸರು ಎಜ್ರಾ ಪೌಂಡ್ ಅವರದು. ಲಂಡನ್ನಿನಲ್ಲಿದ್ದ ಪೌಂಡರು ಪತ್ರಿಕೆಯ ವಿದೇಶ ಬಾತ್ಮೀದಾರರಾಗಿ ಯೇಟ್ಸ್, ಠಾಕೂರ್, ಎಚ್. ಡಿ., ಎಲಿಯಟ್ ಮೊದಲಾದವರ ಕವಿತೆಗಳನ್ನು ಸಮುದ್ರದಾಚೆಗೆ ಕಳುಹಿಸಿದರು. ‘ಪೊಯೆಟ್ರಿ’ಯ ಹಿರಿಮೆಯು ಮನ್ರೋ ಅವರ ಶ್ರಮದ ಫಲವೋ ಪೌಂಡರ ರುಚಿಯ ಫಲವೋ ಎಂಬ ಚರ್ಚೆ ಬಹುಕಾಲ ನಡೆದಿದೆ. ಪೌಂಡರ ಪಕ್ಷದವರು ಮನ್ರೋ ಅವರನ್ನು ಕೇವಲ ಕಚೇರಿಯ ಗುಮಾಸ್ತೆಯನ್ನಾಗಿ ಚಿತ್ರಿಸುವುದೂ, ಎದುರು ಪಕ್ಷದವರು ಪೌಂಡರನ್ನು ಬರಿಯ ಗದ್ದಲಗಾರನನ್ನಾಗಿ ಚಿತ್ರಿಸುವುದೂ ಉಂಟು. ಈ ವಾದವು ಇಬ್ಬರನ್ನೇ ಕಂಡು ಮೂರನೆಯವರನ್ನು ಕಾಣದ ವಾದ. ಆ ಮೂರನೆಯವರೇ ಸಹಸಂಪಾದಕರಾದ ಆಲಿಸ್ ಕಾರ್ಬಿನ್ ಹೆಂಡರ್ಸನ್.

ಶ್ರೀಮತಿ ಹೆಂಡರ್ಸನ್ 1881ರಲ್ಲಿ ಸೇಂಟ್ ಲೂಯಿಯಲ್ಲಿ ಜನಿಸಿದರು. ಸ್ವತಃ ಕವಯಿತ್ರಿ, ಪತಿ ವಿಲಿಯಂ ಪೆನ್‌ಹ್ಯಾಲೋ ಹೆಂಡರ್ಸನ್ ಚಿತ್ರಕಾರರು. ಕಚೇರಿಗೆ ಬರುತ್ತಿದ್ದ ಹಸ್ತಪ್ರತಿಗಳನ್ನು ಮೊದಲು ಓದುವುದು ಆಕೆಯ ಕೆಲಸ. ಪತ್ರಿಕೆಯ ಹಿಂಭಾಗದ ಗದ್ಯಪುಟಗಳಲ್ಲಿ ವಿಮರ್ಶೆಗಳ ಕೊನೆಗೆ ಎ. ಸಿ. ಎಚ್. ಎಂಬ ಮೂರಕ್ಷರಗಳು ಕಾಣುತ್ತವೆ. ಸಂಚಿಕೆಯನ್ನು ಓದುವವನಿಗೆ ಆಕೆಯ ಕೆಲಸದ ಗುರುತು ಇಷ್ಟೇ. ಆರಿಸಿದವರ ಅಂಕಿತ ಆರಿಸಿದ ಕವಿತೆಯ ಮೇಲೆ ಬೀಳುವುದಿಲ್ಲವಷ್ಟೆ. ಹೊಸ ಕಾವ್ಯದಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬ ವಿವೇಚನೆಯಲ್ಲಿ ಆಕೆ ಮನ್ರೋ ಅವರಿಗಿಂತ ತೀಕ್ಷ್ಣರಾಗಿದ್ದರೆನ್ನಲು ಒಂದು ಪ್ರಸಂಗವೇ ಸಾಕು.

1914ರ ಆದಿಯಲ್ಲಿ ಕಾರ್ಲ್ ಸ್ಯಾಂಡ್‌ಬರ್ಗ್ ಎಂಬ ಅಪರಿಚಿತರ ಕವಿತೆಗಳು ಕಚೇರಿಗೆ ಬಂದವು. ಲೇಖಕರು ಅದೇ ಊರಿನಲ್ಲಿ ವ್ಯಾಪಾರಸಂಬಂಧದ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದವರು. ಛಂದಸ್ಸಿಲ್ಲ, ಪ್ರಾಸವಿಲ್ಲ, ಕಸಾಯಿಖಾನೆಗಳ, ರೈಲುಗಳ ಊರಾದ ಷಿಕಾಗೋವನ್ನು ಅದರ ಬೀದಿಯ ಒರಟು ಮಾತಿನಲ್ಲಿಯೇ ಸಂಬೋಧಿಸಿದ ರಚನೆಗಳು. ಅವನ್ನು ಮೊದಲು ಓದಿ ಮೆಚ್ಚಿ ಮನ್ರೋ ಅವರ ಮೇಜಿಗೆ ದಾಟಿಸಿದವರು ಶ್ರೀಮತಿ ಹೆಂಡರ್ಸನ್. ಮೊದಲ ಪಂಕ್ತಿಯನ್ನು ಕಂಡು ಮನ್ರೋ ಅವರು ಬೆಚ್ಚಿದರು. ಆದರೂ ಮುಂದೆ ಓದಿದರು, ಒಪ್ಪಿದರು. ಮಾರ್ಚ್ ಸಂಚಿಕೆಯ ಆರಂಭದಲ್ಲಿಯೇ ಆ ಒಂಬತ್ತು ಕವಿತೆಗಳು ಪ್ರಕಟವಾದವು. ಅದೇ ಊರಿನ ‘ಡಯಲ್’ ಎಂಬ ಪ್ರತಿಷ್ಠಿತ ಪತ್ರಿಕೆ ಇದು ಕಾವ್ಯವೇ ಅಲ್ಲವೆಂದು ಕಟುವಾಗಿ ಖಂಡಿಸಿತು. ಅದೇ ವರ್ಷ ಪತ್ರಿಕೆಯ ಲೆವಿನ್‌ಸನ್ ಬಹುಮಾನವಾದ 200 ಡಾಲರುಗಳು ಸ್ಯಾಂಡ್‌ಬರ್ಗರಿಗೆ ಸಂದವು. ಇಂತಹ ಕವಿತೆಯನ್ನು ಕಟ್ಟಿನಿಂದ ಹೊರತೆಗೆಯುವಾಗ ಓದುವವರಿಗೆ ಆಸರೆಯಾಗಿ ಯಾವ ಕೀರ್ತಿಯೂ ಯಾರ ಶಿಫಾರಸೂ ಇರುವುದಿಲ್ಲ. ಪೌಂಡರು ಕಳುಹಿಸಿದ ಕವಿತೆಗಳಿಗಾದರೋ ಪೌಂಡರ ಕಾಗದವೇ ಬೆಂಗಾವಲಾಗಿ ಬರುತ್ತಿತ್ತು. ಈ ವ್ಯತ್ಯಾಸವನ್ನು ಮರೆಯಲಾಗದು.

ಭಾರತೀಯರಿಗೆ ವಿಶೇಷವಾದ ಸಂಚಿಕೆ 1912ರ ಡಿಸೆಂಬರಿನದು. ರವೀಂದ್ರನಾಥ ಠಾಕೂರರ ಇಂಗ್ಲಿಷ್ ‘ಗೀತಾಂಜಲಿ’ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ 750 ಪ್ರತಿಗಳ ಮಿತಮುದ್ರಣವಾಗಿ ಹೊರಬಿದ್ದುದು ಅದಕ್ಕೆ ಸ್ವಲ್ಪವೇ ಹಿಂದೆ. ಅದರಿಂದ ಆರು ಗೀತೆಗಳನ್ನು ಪೌಂಡರು ಷಿಕಾಗೋಗೆ ಕಳುಹಿಸಿದ್ದರು. ಅಮೆರಿಕಾದಲ್ಲಿ ಅವು ಮೊದಲು ಅಚ್ಚಾದುದು ಈ ಸಂಚಿಕೆಯಲ್ಲಿ. ಕವಿಗಳು ಆಗ ಅದೇ ಇಲಿನಾಯ್ ಸಂಸ್ಥಾನದ ಅರ್ಬಾನಾ ಎಂಬ ಊರಿನಲ್ಲಿದ್ದರು. ಮಗ ರಥೀಂದ್ರನಾಥರು ವ್ಯಾಸಂಗ ಮಾಡಿದ ವಿಶ್ವವಿದ್ಯಾನಿಲಯ ಅಲ್ಲಿಯದು. 1913ರಲ್ಲಿ ಠಾಕೂರರು ಷಿಕಾಗೋಗೆ ಬಂದಾಗ ಇಳಿದುಕೊಂಡುದು ಹ್ಯಾರಿಯೆಟ್ ಮೂಡಿ ಎಂಬಾಕೆಯ ಮನೆಯಲ್ಲಿ. ದಿವಂಗತ ಕವಿ ವಿಲಿಯಂ ವಾನ್ ಮೂಡಿಯವರ ಪತ್ನಿಯಾದ ಈಕೆಯದು ಕವಿಗಳಿಗೆಲ್ಲ ತೆರೆದ ಮನೆ. ಪತ್ರಿಕೆಯ ಲೆಕ್ಕದ ಪುಸ್ತಕದಲ್ಲಿ ಕಾಣದ ಇಂತಹ ಆತಿಥ್ಯವನ್ನೂ ಪತ್ರಿಕೆಯ ಬಂಡವಾಳದಲ್ಲಿ ಸೇರಿಸಬೇಕು. ಆ ವರ್ಷದ ಕೊನೆಗೆ ಠಾಕೂರರಿಗೆ ನೊಬೆಲ್ ಪಾರಿತೋಷಕವು ಬಂದಾಗ, ಒಂದು ವರ್ಷದ ಪ್ರಾಯದ ಈ ಮಾಸಿಕದ ದೂರದೃಷ್ಟಿಯನ್ನು ಜನರು ಮೆಚ್ಚಿದುದು ಸಹಜವೇ.

ಅದೇ ಡಿಸೆಂಬರ್ ಸಂಚಿಕೆಯಲ್ಲಿ ಯೇಟ್ಸರ ಕವಿತೆಗಳೂ ಇವೆ. ಅವು ಲಂಡನ್ನನ್ನು ಬಿಡುವ ಮೊದಲೇ ಪೌಂಡರು ಒಂದೆರಡು ಕಡೆ ಪದಗಳನ್ನು ತಮ್ಮಷ್ಟಕ್ಕೆ ತಾವೇ ತಿದ್ದಿದ್ದರು. ಕವಿಯ ಅಪ್ಪಣೆ ಇರಲಿಲ್ಲ. ತಮಗಿಂತ ಇಪ್ಪತ್ತು ವರ್ಷ ಕಿರಿಯನೊಬ್ಬನ ಈ ಸಾಹಸವನ್ನು ಕೇಳಿ ಯೇಟ್ಸರು ಕುಪಿತರಾದರು. ತಣ್ಣಗಾದ ಬಳಿಕ ಕೆಲವು ತಿದ್ದುಗಳಲ್ಲಿ ಹುರುಳಿದೆಯೆಂದು ಕಂಡುಕೊಂಡರು. ಮರುವರ್ಷ ಪತ್ರಿಕೆಯು 250 ಡಾಲರುಗಳ ಬಹುಮಾನವನ್ನು ಯೇಟ್ಸರಿಗೆ ಕೊಟ್ಟಾಗ ಅವರು 50ನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಕಿರಿಯ ಕವಿಗೆ ಕೊಡಿರೆಂದು ಸೂಚಿಸಿದರು. ಅವರು ಹೆಸರಿಸಿದ ಕಿರಿಯ ಕವಿ ಪೌಂಡರೇ!

ಪಾಠವಿಚಾರದಲ್ಲಿ ಇದಕ್ಕಿಂತಲೂ ಗುರುತರವಾದುದು ವಾಲೆಸ್ ಸ್ಟೀವನ್ಸರ ಪ್ರಸಂಗ. 1914ರ ನವೆಂಬರಿನ ಯುದ್ಧಸಂಚಿಕೆಗೆ ಪುಟಗಳು ಜೋಡಣೆಯಾಗಿದ್ದವು. ಅಷ್ಟರಲ್ಲಿ ಬಂದ ಈ ಅಜ್ಞಾತಕವಿಯ ಹಸ್ತಪ್ರತಿಯನ್ನು ಮನ್ರೋ ಅವರು ಓದಿ, ಕಟ್ಟಿದ ಪುಟಗಳನ್ನು ಬಿಚ್ಚಿಸಿ ಜಾಗ ಮಾಡಿದರು. ಮೊಳೆ ಜೋಡಿಸುವವರು ಆ ದಿನ ಏನೆಂದುಕೊಂಡರೋ! ಕವಿತೆಗಾಗಿ ಇಷ್ಟು ಮಾಡಿದ ಸಂಪಾದಕರೇ ಮರುವರ್ಷ ಅದೇ ಕವಿಯ ‘ಸಂಡೇ ಮಾರ್ನಿಂಗ್’ ಎಂಬ ದೀರ್ಘಕವಿತೆಯ ಎಂಟು ಭಾಗಗಳಲ್ಲಿ ಐದನ್ನು ಮಾತ್ರ ಒಪ್ಪಿದರು. ಕವಿಯು ಆ ಐದನ್ನು ಬೇರೆ ಕ್ರಮದಲ್ಲಿ ಜೋಡಿಸಿಕೊಟ್ಟರು. 1915ರ ನವೆಂಬರಿನಲ್ಲಿ ಅದು ಹಾಗೆಯೇ ಪ್ರಕಟವಾಯಿತು. ಎಂಟು ಭಾಗಗಳ ಪೂರ್ಣಪಾಠವು ‘ಹಾರ್ಮೋನಿಯಂ’ ಎಂಬ ಸಂಗ್ರಹದಲ್ಲಿ ಬೆಳಕು ಕಂಡುದು 1923ರಲ್ಲಿ. ಅಂದರೆ ಎಂಟು ವರ್ಷಗಳ ಕಾಲ ಲೋಕವು ಬಲ್ಲ ಆ ಕವಿತೆ ಸಂಪಾದಕರ ಕತ್ತರಿಯಿಂದ ಹುಟ್ಟಿದ ಒಂದು ಪಾಠಾಂತರ. ನಮ್ಮಲ್ಲಿ ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಒಂದು ಪದ್ಯ ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನು ಪ್ರಕ್ಷಿಪ್ತವೆಂದು ಶಂಕಿಸುವುದುಂಟು. ಸ್ಟೀವನ್ಸರ ಕಾಗದಪತ್ರಗಳೆಲ್ಲ ನಾಶವಾಗಿ ಈ ಎರಡು ಪಾಠಗಳು ಮಾತ್ರ ಉಳಿದಿದ್ದರೆ, ಮುಂದಿನ ವಿದ್ವಾಂಸರು ಆ ಮೂರು ಭಾಗಗಳನ್ನು ಕವಿ ತರುವಾಯ ಸೇರಿಸಿದುದೆಂದೇ ನಿರ್ಣಯಿಸುತ್ತಿದ್ದರು. ಆ ನಿರ್ಣಯ ತಪ್ಪಾಗುತ್ತಿತ್ತು.

ಎಲಿಯಟ್ಟರ ‘ಪ್ರೂಫ್ರಾಕ್’ ಕವಿತೆಯ ಕಥೆ ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದುದರಿಂದ ಅದನ್ನು ಬೆಳೆಸಬೇಕಾದುದಿಲ್ಲ. ಪೌಂಡರು 1914ರ ಶರತ್ಕಾಲದಲ್ಲಿಯೇ ಕಳುಹಿಸಿದ ಆ ಕವಿತೆಯ ಮುಕ್ತಾಯವು ಮನ್ರೋ ಅವರಿಗೆ ರುಚಿಸಲಿಲ್ಲ; ಬದಲಾಯಿಸುವಂತೆ ಕವಿಯನ್ನು ಕೇಳಲು ಪೌಂಡರು ಒಪ್ಪಲಿಲ್ಲ. ತಿಂಗಳುಗಳ ಕಾಲ ಕಾಗದಗಳು ಓಡಾಡಿದ ಮೇಲೆ 1915ರ ಜೂನ್ ಸಂಚಿಕೆಯ ಹಿಂಭಾಗದಲ್ಲಿ ಅದಕ್ಕೆ ಸ್ಥಳ ದೊರೆಯಿತು. ಮನ್ರೋ ಅವರ ಅರಸಿಕತೆಗೆ ಇದನ್ನೇ ಉದಾಹರಣೆಯಾಗಿ ಕೊಡುವ ವಾಡಿಕೆಯಿದೆ. ಅದು ಅಷ್ಟು ನ್ಯಾಯವಲ್ಲ. ತನಗೆ ಪೂರ್ಣವಾಗಿ ಹಿಡಿಸದ ಕವಿತೆಯನ್ನು ಅಕ್ಷರ ಬದಲಿಸದೆ ಅಚ್ಚು ಮಾಡಿ ಹಣವನ್ನೂ ಕೊಟ್ಟ ಸಂಪಾದಕರು ಎಲ್ಲ ಕಾಲದಲ್ಲಿಯೂ ಕೆಲವರೇ.

1916ರಲ್ಲಿ ಶ್ರೀಮತಿ ಹೆಂಡರ್ಸನ್ನರಿಗೆ ಕ್ಷಯರೋಗವು ತಗುಲಿತು. ವೈದ್ಯರ ಸಲಹೆಯಂತೆ ಒಣಹವೆಯ ಊರಾದ ಸಾಂತಾ ಫೇಗೆ ಹೊರಟು ಅಲ್ಲಿಯ ಆರೋಗ್ಯಧಾಮವನ್ನು ಸೇರಿದರು. ಸಹಸಂಪಾದಕತ್ವವನ್ನು ಮಾತ್ರ ಬಿಡಲಿಲ್ಲ. ಸಾವಿರಾರು ಮೈಲಿಯ ಟಪಾಲಿನ ಮೂಲಕವೇ 1922ರವರೆಗೂ ನಡೆಸಿದರು. ಮನ್ರೋ ಅವರೊಡನೆ ಕೂಡಿ ಸಂಪಾದಿಸಿದ ‘ದಿ ನ್ಯೂ ಪೊಯೆಟ್ರಿ’ ಎಂಬ ಸಂಕಲನ 1917ರಲ್ಲಿ ಹೊರಬಂದಿತು. ಇಬ್ಬರ ಹೆಸರೂ ಜೊತೆಯಾಗಿ ಅಚ್ಚಾದ ಗ್ರಂಥವದು. ಕಚೇರಿಯಲ್ಲಿ ಯೂನಿಸ್ ಟೀಜೆನ್ಸ್, ಹೆಲೆನ್ ಹಾಯ್ಟ್ ಮೊದಲಾದ ಕವಯಿತ್ರಿಯರು ಆ ಭಾರವನ್ನು ಹಂಚಿಕೊಂಡರು. ಪೌಂಡರ ಒಲವು ಅಷ್ಟು ಹೊತ್ತಿಗೆ ಬೇರೆ ಕಡೆ ತಿರುಗಿತ್ತು: ಮಾರ್ಗರೆಟ್ ಆಂಡರ್ಸನ್ ಅವರು ಷಿಕಾಗೋದಲ್ಲಿಯೇ 1914ರಲ್ಲಿ ಸ್ಥಾಪಿಸಿದ ‘ಲಿಟಲ್ ರಿವ್ಯೂ’ಗೆ 1917ರಲ್ಲಿ ಅವರು ವಿದೇಶ ಸಂಪಾದಕರಾದರು. ಆ ಪತ್ರಿಕೆಗೆ ಪೋಷಕರ ಪಟ್ಟಿಯಾಗಲಿ ನಿಯತವಾದ ಸಂಭಾವನೆಯಾಗಲಿ ಇರಲಿಲ್ಲ. ಜಾಯ್ಸರ ‘ಯುಲಿಸಿಸ್’ ಅನ್ನು 1918ರಿಂದ ಧಾರಾವಾಹಿಯಾಗಿ ಪ್ರಕಟಿಸಿದುದಕ್ಕೆ ಆಂಡರ್ಸನ್ ಮತ್ತು ಜೇನ್ ಹೀಪ್ ಇಬ್ಬರೂ 1921ರಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿ ತಲಾ 50 ಡಾಲರುಗಳ ದಂಡ ತೆತ್ತರು. ಎರಡು ಪತ್ರಿಕೆಗಳಲ್ಲಿ ಸಾಹಸ ಹೆಚ್ಚಿನದು ಎರಡನೆಯದು. 1929ರಲ್ಲಿ ಅದು ನಿಂತುಹೋಯಿತು. ಐವತ್ತು ಡಾಲರಿನ ನೂರು ಮಂದಿಯ ಬೆಲೆ ಆಗ ತಿಳಿಯುತ್ತದೆ.

ಮನ್ರೋ ಅವರು ದಕ್ಷಿಣ ಅಮೆರಿಕಾದ ಪ್ರವಾಸದಲ್ಲಿ, ಪೆರು ದೇಶದ ಅರೆಕೀಪಾ ಎಂಬ ಊರಿನಲ್ಲಿ 1936ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪತ್ರಿಕೆ ಉಳಿಯಿತು. 2002ರಲ್ಲಿ ರೂತ್ ಲಿಲ್ಲಿ ಎಂಬ ಧನಿಕ ಮಹಿಳೆ ಅದಕ್ಕೆ ಸುಮಾರು 10 ಕೋಟಿ ಡಾಲರುಗಳ ದತ್ತಿಯನ್ನಿತ್ತರು. ಆಕೆ ಹಿಂದೆ ಹಲವು ಸಲ ಕವಿತೆಗಳನ್ನು ಕಳುಹಿಸಿದ್ದರೆಂದೂ, ಪತ್ರಿಕೆಯವರು ಒಂದನ್ನೂ ಸ್ವೀಕರಿಸದೆ ಸೌಜನ್ಯದ ಮಾತಿನೊಡನೆ ಹಿಂದಿರುಗಿಸಿದ್ದರೆಂದೂ ಆಗ ಪ್ರಕಟವಾಯಿತು.

ಇಷ್ಟೆಲ್ಲ ಸಂಗತಿಗಳು ಇಂದು ತಿಳಿದುಬರುತ್ತಿರುವುದು ಕಚೇರಿಯ ಕಾಗದಗಳನ್ನು ಯಾರೂ ತೂಕಕ್ಕೆ ಹಾಕದಿದ್ದುದರಿಂದ. ಮನ್ರೋ ಅವರು ಕೂಡಿಟ್ಟ ಪತ್ರಗಳೂ ಹಸ್ತಪ್ರತಿಗಳೂ ಷಿಕಾಗೋ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವನ್ನು ಸೇರಿವೆ. ಆಕೆಯ ಆತ್ಮಕಥೆ 1938ರಲ್ಲಿ, ಮರಣಾನಂತರ, ಅಚ್ಚಾಯಿತು. ಶ್ರೀಮತಿ ಹೆಂಡರ್ಸನ್ ಸಾಂತಾ ಫೇ ಸೀಮೆಯಲ್ಲಿಯೇ ನೆಲೆಸಿ 1949ರಲ್ಲಿ ಕಾಲವಾದರು. ಆಕೆಯ ಕಾಗದಗಳು ಟೆಕ್ಸಸ್ ವಿಶ್ವವಿದ್ಯಾನಿಲಯದಲ್ಲಿವೆ. ಪೌಂಡರು ಆಕೆಗೆ ಬರೆದ ಪತ್ರಗಳು ಪುಸ್ತಕವಾಗಿ ಹೊರಬಂದುದು 1993ರಲ್ಲಿ, ಪತ್ರಿಕೆ ಹುಟ್ಟಿದ ಎಂಬತ್ತೊಂದು ವರ್ಷಗಳ ಮೇಲೆ.